ಚಿಕ್ಕಮ್ಮನ ಬೇರೆ ತಟ್ಟೆ

ಮೊನ್ನೆ ಔಷಧಿ ಅಂಗಡಿಯಲ್ಲಿ ಯಾರೋ ಗಂಧಕದ ಮುಲಾಮಿನ ಡಬ್ಬಿ ತೆರೆದು ನೋಡಿದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಶಿಡ್ಲಘಟ್ಟದ ನಮ್ಮ ಹಳೇ ಮನೆಯಲ್ಲಿದ್ದೆ. ವಯಸ್ಸು ಹತ್ತು, ಕೆನ್ನೆಯ ಮೇಲೆ ಎಂಟಾಣೆಯಗಲ ಬಿಳಿ ಮಚ್ಚೆ.

ಆಗ ನಾವು ಏನೇನೆಲ್ಲ ನಂಬುತ್ತಿದ್ದೆವು, ಕೇಳಿದರೆ ನಗುತ್ತೀರಿ. ಹುಣಸೆ ಬೀಜ ನುಂಗಿದರೆ ಹೊಟ್ಟೆಯಲ್ಲಿ ಗಿಡ ಹುಟ್ಟುತ್ತದೆ. ಹಸಿರು ಹಾವು ಹಾರಿ ಬಂದು ಕಣ್ಣು ಕುಕ್ಕುತ್ತದೆ. ಉಗುರಿನ ಮೇಲೆ ಬಿಳಿ ಚುಕ್ಕೆ ಬಂದರೆ ಹೊಸ ಬಟ್ಟೆ ಸಿಗುತ್ತದೆಂದು ನಾನು ಒಂದಿಡೀ ವರ್ಷ ಕಾದಿದ್ದೇನೆ. ಇವುಗಳಿಂದ ಯಾರಿಗೂ ನೋವಾಗಲಿಲ್ಲ. ನೋವಾದದ್ದು ಇನ್ನೊಂದರಿಂದ: ತೊನ್ನು ಅಂಟುತ್ತದೆ ಎಂಬುದರಿಂದ.

ರತ್ನ ಚಿಕ್ಕಮ್ಮ ಅಮ್ಮನ ತಂಗಿ. ಮದುವೆಯಾಗಿರಲಿಲ್ಲ, ನಮ್ಮ ಜೊತೆಗೇ ಇದ್ದಳು. ಮೊಣಕೈಯಿಂದ ಬೆರಳ ತುದಿಯವರೆಗೆ ಅವಳ ಬಲಗೈ ಬೆಳ್ಳಗಾಗಿತ್ತು. ಅವಳಿಗೆ ಬೇರೆ ತಟ್ಟೆ, ಬೇರೆ ಲೋಟ, ಊಟಕ್ಕೆ ಹಿತ್ತಲ ಬಾಗಿಲ ಹತ್ತಿರ ಜಾಗ. ಈ ಏರ್ಪಾಡು ಮಾಡಿದವಳು ಅಮ್ಮನೇ. ನಾನು ಅತ್ತ ಸುಳಿದರೆ ಅಪ್ಪನ ತಾಯಿ, ನಮ್ಮಜ್ಜಿ, "ಪೋವದ್ದೇ, ಹೋಗ್ಬೇಡ್ವೇ!" ಎಂದು ತೆಲುಗು, ಕನ್ನಡ ಎರಡರಲ್ಲೂ ಗದರುತ್ತಿದ್ದರು. ಆದರೆ ಚಿಕ್ಕಮ್ಮ ಅವರೆಕಾಳು ಸಾರಿನಲ್ಲಿ ಅದ್ದಿದ ಮುದ್ದೆಯ ರುಚಿಯೇ ಬೇರೆ. ಅವಳು ನೀರು ಸೇದಲು ಎದ್ದು ಹೋದಾಗೆಲ್ಲ ಅವಳ ತಟ್ಟೆಯಿಂದ ಕದ್ದು ತಿನ್ನುತ್ತಿದ್ದೆ.

ಮಚ್ಚೆಯನ್ನು ಮೊದಲು ಕಂಡವಳೂ ಅವಳೇ. ಮರುದಿನ ಬೆಳಿಗ್ಗೆ ಬಟ್ಟೆ ಗಂಟು ಕಟ್ಟಿಕೊಂಡು ಅಮ್ಮನ ಮುಂದೆ ನಿಂತಳು.

"ಅಕ್ಕ, ಗೌರಿಬಿದನೂರಿಗೆ ಸೋದರಮಾವನ ಮನೆಗೆ ಹೋಗ್ತೀನಿ. ಮಗೂಗೆ ನನ್ನಿಂದ ಬಂದುಬಿಟ್ಟಿದೆ."

ನನಗೆ ಅಳು ತಡೆಯಲಾಗಲಿಲ್ಲ. "ಚಿಕ್ಕಮ್ಮ ಕೊಡ್ಲಿಲ್ಲಮ್ಮ, ನಾನೇ ಕದ್ದು ತಿಂದೆ!"

ಅಮ್ಮ ತಂಗಿಯ ಕಡೆ ತಿರುಗಿ, "ಗಂಟು ಕೆಳಗಿಡೇ. ಮೊದಲು ಆಸ್ಪತ್ರೆಗೆ ಹೋಗಣ" ಎಂದಳು.

ಮೂವರೂ ಬಸ್ಸು ಹತ್ತಿ ಚಿಂತಾಮಣಿಗೆ ಹೋದೆವು. ಲೇಡಿ ಡಾಕ್ಟರು ನನ್ನ ಕೆನ್ನೆಯನ್ನು ಬೆಳಕಿಗೆ ತಿರುಗಿಸಿ ನೋಡಿ, "ಬರೀ ಸಿಬ್ಬು, ತೊನ್ನಲ್ಲ. ಮುಲಾಮು ಹಚ್ಚಿ, ಹೋಗುತ್ತೆ" ಎಂದರು. ಬಾಗಿಲಲ್ಲೇ ನಿಂತು ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿದ್ದ ಚಿಕ್ಕಮ್ಮನನ್ನು ಒಳಗೆ ಕರೆದರು. ಆ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು.

"ಇದು ತೊನ್ನು. ಆದ್ರೆ ಇದು ಅಂಟೋದೇ ಇಲ್ಲಮ್ಮ. ಒಂದೇ ತಟ್ಟೇಲಿ ಉಂಡ್ರೂ ಅಂಟಲ್ಲ."

"ನಿಜವಾಗ್ಲೂ?" ಎಂದು ಅಮ್ಮ ಮೂರು ಸಲ ಕೇಳಿದಳು. ಮೂರು ಸಲವೂ ಡಾಕ್ಟರು ಬೇಸರವಿಲ್ಲದೆ ಹೌದೆಂದರು. "ಎಷ್ಟು ವರ್ಷದಿಂದ ಬೇರೆ ಇಟ್ಟಿದೀರಿ?"

"ಆರು" ಎಂದಳು ಅಮ್ಮ, ನೆಲ ನೋಡುತ್ತ.

ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಕಾಫಿ ಬಂತು. ಚಿಕ್ಕಮ್ಮ ಅರ್ಧ ಕುಡಿದು ಲೋಟ ಕೆಳಗಿಟ್ಟಳು. ಅಮ್ಮ ಅದನ್ನೆತ್ತಿ ಬಾಯಿಗಿಟ್ಟಳು.

"ಅಕ್ಕ, ಅದು ನನ್ನ ಎಂಜಲು ಕಣೇ!"

"ಗೊತ್ತು ಬಿಡೇ" ಎಂದು ಅಮ್ಮ ಪೂರ್ತಿ ಕುಡಿದಳು. ಇಬ್ಬರೂ ನಗುತ್ತಿದ್ದಾರೋ ಅಳುತ್ತಿದ್ದಾರೋ ನನಗೆ ತಿಳಿಯಲಿಲ್ಲ. ನನ್ನ ಗಮನವೆಲ್ಲ ಕೆನ್ನೆ ಸರಿಹೋಗುತ್ತದೆಂಬ ಸಂತೋಷದಲ್ಲಿತ್ತು.

ಅವತ್ತು ಜೀವ ಹಗುರಾದದ್ದು ನನಗೊಬ್ಬಳಿಗೇ ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ. ಮೊನ್ನೆ ಅಂಗಡಿಯಿಂದ ಮನೆಗೆ ನಡೆದು ಬರುವಾಗ ಮಾತ್ರ, ಆ ದಿನ ವಾಪಸ್ಸು ಬಂದ ಬಸ್ಸು ಕಣ್ಣಿಗೆ ಕಟ್ಟಿತು. ದಾರಿಯುದ್ದಕ್ಕೂ ಅಮ್ಮ ತಂಗಿಯ ಆ ಬಿಳಿಗೈಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಶಿಡ್ಲಘಟ್ಟ ಬಂದಾಗ ಕಂಡಕ್ಟರು ಎರಡು ಸಲ ಕೂಗಿದ ಮೇಲೆಯೇ ಅದನ್ನು ಬಿಟ್ಟದ್ದು.