ಅಕ್ಕಯಮ್ಮನ ಟೈಂಪೀಸು

ಮದುವೆಯಾಗಿ ಬಂದು ಹನ್ನೊಂದು ವರ್ಷ, ಸಾರಕ್ಕಿಯ ಅಕ್ಕಯಮ್ಮ ಒಂದು ರಾತ್ರಿಯೂ ನೆಟ್ಟಗೆ ನಿದ್ದೆ ಮಾಡಿರಲಿಲ್ಲ. ಸೊಪ್ಪಿನ ಗಾಡಿ ಬೆಳಗಿನ ಜಾವ ಮೂರೂವರೆಗೆಲ್ಲ ಮಾರ್ಕೆಟ್ಟಿಗೆ ಹೊರಡಬೇಕು. ಮೂರಕ್ಕೇ ಎದ್ದು ಎಲ್ಲರನ್ನೂ ಎಬ್ಬಿಸೋದು ಸೊಸೆಯ ಪಾಲು. ತಡವಾದೀತು ಅನ್ನೋ ದಿಗಿಲಿಗೆ ಗಳಿಗೆಗೊಂದು ಸಲ ಹೊರಗೆ ಬಂದು ಚುಕ್ಕಿ ನೋಡೋಳು. ಗಂಡ ಬೈರಣ್ಣನಿಗೇನು, ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ.

ಮೋಡ ಕವಿದ ದಿನಕ್ಕೆ ಹುಂಜ ಇತ್ತು. ಅರವತ್ತೆರಡರಲ್ಲಿ ಮನೆ ಮುಂದೆ ಲೈಟು ಕಂಬ ನೆಟ್ಟರು ನೋಡಿ, ಅದರ ತಲೆ ಕೆಟ್ಟುಹೋಯ್ತು. ಹೊತ್ತಿಲ್ಲ ಗೊತ್ತಿಲ್ಲ, ಕೂಗಿದ್ದೇ ಕೂಗಿದ್ದು. ಒಂದು ದಿನ ಆ ಕೂಗು ನಂಬಿ ಅಕ್ಕಯಮ್ಮ ಗಾಡಿ ಹೊರಡಿಸಿದಳು. ಮಾರ್ಕೆಟ್ ಮುಟ್ಟಿದರೆ ನರಪಿಳ್ಳೆ ಇಲ್ಲ. ಬೀಟಿನ ಪೊಲೀಸಿನವನು ಇನ್ನೂ ರಾತ್ರಿ ಎರಡು ಗಂಟೆ ಅಂದ. ಮನೆಗೆ ಬಂದ ಮೇಲೆ ಅತ್ತೆ ಮುನಿವೆಂಕಟಮ್ಮ ಬೈದದ್ದು ಹುಂಜವನ್ನಲ್ಲ, ಸೊಸೆಯನ್ನ.

ಮಾರನೇ ದಿನವೇ ಅವಳು ಸೊಪ್ಪು ಮಾರಿ, ಗಂಡನಿಗೂ ಹೇಳದೆ, ಸೀದಾ ಚಿಕ್ಕಪೇಟೆಗೆ ನಡೆದಳು. ಅಂಗಡಿಯವನು ಹೂವಿನ ಚಿತ್ರದ ಗಡಿಯಾರ ತೋರಿಸಿದ, ಫಳಫಳ ಹೊಳೆಯೋದು ತೋರಿಸಿದ.

"ಚೆಂದ ಬೇಡ ಕಣಪ್ಪ. ಸತ್ತೋರೂ ಎದ್ದು ಕೂರೋ ಹಂಗೆ ಬಡ್ಕೋಬೇಕು," ಅಂದಳು ಅಕ್ಕಯಮ್ಮ. ಒಂದೊಂದನ್ನೂ ಬಡಿಸಿ ನೋಡಿ, ತಲೆ ಮೇಲೆ ಜೋಡಿ ಗಂಟೆ ಇದ್ದ ಟೈಂಪೀಸು ಆರಿಸಿದಳು. ಅಂಕಿ ಬಾರದು. ಮೂರು ಎಲ್ಲಿ ಅಂತ ಕೇಳಿ, ಮನೆಗೆ ಬಂದು ಗಾಜಿನ ಮೇಲೆ ಅಲ್ಲಿಗೆ ಕುಂಕುಮದ ಬೊಟ್ಟಿಟ್ಟಳು.

ಅತ್ತೆ ಗೊಣಗಿದ್ದೇ ಗೊಣಗಿದ್ದು. ಅಕ್ಕಯಮ್ಮ ಕೀ ಕೊಟ್ಟು, ತಲೆದೆಸೆಯಲ್ಲಿಟ್ಟುಕೊಂಡು ಮಲಗಿದಳು. ಅಬ್ಬಬ್ಬ, ಅದೆಂಥ ನಿದ್ದೆ. ನಾಲ್ಕೇ ದಿನಕ್ಕೆ ಮುಖಕ್ಕೆ ಕಳೆ ಬಂತು.

ಐದನೇ ದಿನ ಕಣ್ಣು ಬಿಟ್ಟಾಗ ಬಿಸಿಲು ಬಿದ್ದಿತ್ತು. ಕಟ್ಟಿಟ್ಟ ಸೊಪ್ಪು ಅಂಗಳದಲ್ಲೇ ಬಾಡ್ತಿತ್ತು. ಟೈಂಪೀಸು ಇಲ್ಲ. ಮನೆಯೆಲ್ಲ ಜಾಲಾಡಿದರೆ ರಾಗಿ ಗುಡಾಣದ ತಳದಲ್ಲಿ ಸಿಕ್ಕಿತು. ಸೊಸೆಗೆ ಬುದ್ಧಿ ಬರಲಿ ಅಂತ ಅತ್ತೆಯೇ ಅದನ್ನ ಹೂತಿಟ್ಟು, ಯಾರನ್ನೂ ಎಬ್ಬಿಸದೆ ಬೆಳಗಿನವರೆಗೂ ಕೂತಿದ್ದಳು.

"ಹೊತ್ತೇರೋಗಂಟ ಬಿದ್ಕೊಂಡವಳೆ," ಅಂದಳು ಮುನಿವೆಂಕಟಮ್ಮ. "ನಮ್ಮ ಕಾಲದಾಗೆ ಯಾವ ಗಡಿಯಾರ ಇತ್ತೆ? ನಾನು ಏಳ್ತಿರಲಿಲ್ವ?"

ಅಕ್ಕಯಮ್ಮ ಸೆರಗಿನಲ್ಲಿ ಟೈಂಪೀಸಿನ ಧೂಳು ಒರೆಸ್ತಾ ಹೇಳಿದಳು, "ಏಳೋಕೆ ನೀವು ಮಲಗಿದ್ರೆ ತಾನೆ ಅತ್ತೆ?"

ಮುದುಕಿ ಎದ್ದು ಹೋಗಿ ಜಗಲಿ ಮೇಲೆ ಕೂತಳು.

ಅಕ್ಕಯಮ್ಮ ಟೈಂಪೀಸನ್ನ ಗಂಡನ ದಿಂಬಿನ ಪಕ್ಕ ಕುಕ್ಕಿದಳು. "ನಿದ್ದೆ ಮಾಡಿದ್ದು ತಪ್ಪಾದ್ರೆ ದಿನಾ ಆ ತಪ್ಪು ಮಾಡ್ತೀನಿ. ಇನ್ಮೇಲೆ ಇದು ನಿನ್ನ ಕಿವಿ ಹತ್ರ ಇರುತ್ತೆ. ಬಡಿದಾಗ ನೀನು ಏಳು, ಎತ್ತು ಕಟ್ಟು, ಆಮೇಲೆ ನನ್ನ ಎಬ್ಬಿಸು."

ಮಾರನೇ ದಿನ ಮೂರಕ್ಕೆ ಗಂಟೆ ಬಡೀತು. ಬೈರಣ್ಣ ಬೈಕೊಂಡೇ ಎದ್ದು, ಅದನ್ನ ಅದುಮಿ, ದೀಪ ಹಚ್ಚಿದ. ಸೊಸೆಯ ಪಕ್ಕದಲ್ಲಿ ಅವನ ಅವ್ವ ಬಾಯಿ ತೆರ್ಕೊಂಡು ಗೊರಕೆ ಹೊಡೀತಿದ್ದಳು. ಹುಟ್ಟಿದಾಗಿನಿಂದ ಅವನು ಅವ್ವ ಮಲಗಿದ್ದನ್ನ ಕಂಡಿರಲೇ ಇಲ್ಲ. ದೀಪ ಸಣ್ಣ ಮಾಡಿ, ಸದ್ದಾಗದ ಹಾಗೆ ಎತ್ತು ಕಟ್ಟೋಕೆ ಹೋದ.