ಗಂಟು ನೋಡುವ ಇನ್ನೊಂದು ಕೈ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಎತ್ತರದ ಕಚೇರಿ ಕಟ್ಟಡದ ತಾರಸಿಯಲ್ಲಿ ಗಾಜಣ್ಣ ಒಂದು ಮಂಡಿಯೂರಿ, ಬೂಟಿನ ದಾರ ಹಿಡಿದು ತಲೆ ತಗ್ಗಿಸಿದ್ದಾರೆ. ದಾರ ಆಗಲೇ ಕಟ್ಟಿಯಾಗಿದೆ. ಅವರು ಮಾಡುತ್ತಿರುವುದು ಪ್ರಾರ್ಥನೆ. ಪಕ್ಕದವರು ನಕ್ಕಾರು ಎಂದು ಹೂಡಿದ ಈ ಹಳೆಯ ಉಪಾಯ ಈಗ ಎಲ್ಲರಿಗೂ ಗೊತ್ತು. ಗೊತ್ತಾಗಿದೆ ಎಂಬುದು ಅವರೊಬ್ಬರಿಗೇ ಗೊತ್ತಿಲ್ಲ.

ಹಗ್ಗದಲ್ಲಿ ಜೋತುಬಿದ್ದು ಕಟ್ಟಡದ ಹೊರಗಾಜು ಒರೆಸುವುದು ಅವರ ಕಸುಬು. ಕೆಲಸದವರೆಲ್ಲ ಗಾಜಣ್ಣ ಎಂದೇ ಕರೆಯುತ್ತಾರೆ. ಒಬ್ಬೊಬ್ಬರಿಗೂ ಎರಡೆರಡು ಹಗ್ಗ. ಒಂದು ಇಳಿಯುವುದಕ್ಕೆ, ಅದು ಕೈಕೊಟ್ಟರೆ ಹಿಡಿದುಕೊಳ್ಳಲು ಇನ್ನೊಂದು. ಗಾಜಣ್ಣನ ಕೂದಲು ನರೆತಿದೆ, ಹೆದರಿಕೆ ಮಾತ್ರ ಹಾಗೇ ಇದೆ. "ಅಂಚಿನಿಂದ ಕಾಲು ಕೆಳಗಿಟ್ಟ ತಕ್ಷಣ ಜೀವ ಬಾಯಿಗೆ ಬರುತ್ತೆ. ಇವತ್ತಿಗೂ ಬರುತ್ತೆ" ಎನ್ನುತ್ತಾರೆ.

ಇವತ್ತು ಆ ಹೆದರಿಕೆ ಎರಡು ಪಟ್ಟಾಗಿದೆ. ಮಗಳು ಮೊದಲ ಸಲ ಗೋಡೆಗೆ ಇಳಿಯುತ್ತಿದ್ದಾಳೆ. "ಬೇರೆ ಕೆಲಸ ನೋಡು ಅಂತ ಬಡ್ಕೊಂಡೆ. ಕೇಳಬೇಕಲ್ಲ! ಅವಳಮ್ಮನ ಹಟ ಅಂತೀನಿ, ಅವಳಮ್ಮ ನಿಮ್ಮದೇ ಅಂತಾಳೆ."

ಈ ಕೆಲಸದಲ್ಲಿ ಒಂದು ಕಟ್ಟಳೆಯಿದೆ. ತಾನು ಹಾಕಿದ ಗಂಟನ್ನು ಇನ್ನೊಬ್ಬರು ಜಗ್ಗಿ ನೋಡಿದ ಮೇಲೇ ಇಳಿಯಬೇಕು. ಗಾಜಣ್ಣ ಅದನ್ನು ವರ್ಷಗಳ ಹಿಂದೆ ಒಂದೇ ಒಂದು ಸಲ ಮುರಿದಿದ್ದರು. ಅದರ ಹಿಂದಿನ ದಿನ ಚರ್ಚಿನಲ್ಲಿ, ದೇವರು ಮಾಡಿದ ಉಪಕಾರಕ್ಕೆ ಎಲ್ಲರೆದುರು ಸಾಕ್ಷಿ ಹೇಳಲು ನಿಂತಿದ್ದರು. ದೇವರಿಗೆ ಕೃತಜ್ಞತೆ ಹೇಳಲು ಹೊರಟವರು, ಎಲ್ಲರೂ ಕಣ್ಣರಳಿಸಿದ್ದನ್ನು ಕಂಡು, "ಕರ್ತನು ಕೈ ಹಿಡಿದಿದ್ದಾನೆ, ನನಗೆ ಭಯ ಅನ್ನೋದೇ ಇಲ್ಲ" ಎಂದುಬಿಟ್ಟರು. ಚಪ್ಪಾಳೆಯೋ ಚಪ್ಪಾಳೆ. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ಆಗಿನ್ನೂ ಪುಟ್ಟವಳಾಗಿದ್ದ ಇದೇ ಮಗಳು. ಮರುದಿನ ಗಂಟು ನೋಡಲು ಬಂದ, ಜೊತೆಯಲ್ಲೇ ಕೆಲಸ ಮಾಡುವ ಭಾವಮೈದನನ್ನು, "ದೇವರಿದ್ದಾನೆ, ನೀನ್ಯಾರಯ್ಯ?" ಎಂದು ಸಾಗಹಾಕಿದರು. ಸ್ವಲ್ಪ ಇಳಿಯುವಷ್ಟರಲ್ಲಿ ಗಂಟು ಬಿಚ್ಚಿತು. ಎರಡನೆಯ ಹಗ್ಗ ಅವರನ್ನು ಹಿಡಿದುಕೊಂಡಿತು. ಅದನ್ನೂ ಅವರು ಸಡಿಲವಾಗಿಯೇ ಕಟ್ಟಿದ್ದರು. ಬೈಸಿಕೊಂಡ ಭಾವಮೈದ ಅವರ ಬೆನ್ನ ಹಿಂದೆ ಅದನ್ನು ಸದ್ದಿಲ್ಲದೆ ಬಿಗಿದಿದ್ದ.

"ದೇವರು ಉಳಿಸಿದ, ನಿಜ. ಆದ್ರೆ ನಾನು ಯಾರನ್ನ ಆಚೆ ತಳ್ಳಿದ್ನೋ ಅವನ ಕೈಯಿಂದಲೇ ಉಳಿಸಿದ" ಎನ್ನುತ್ತಾರೆ ಗಾಜಣ್ಣ.

ಮಗಳು ಅಂಚಿಗೆ ಬಂದಿದ್ದಾಳೆ. ಗಾಜಣ್ಣ ಗಂಟಿನತ್ತ ಕೈ ಚಾಚುತ್ತಾರೆ. ಅವಳು ನಗುತ್ತಾ ಹಿಂದೆ ಸರಿಯುತ್ತಾಳೆ. "ಎಲ್ಲಾ ನಾನೇ ನೋಡ್ಕೊಂಡಿದ್ದೀನಪ್ಪ. ದೇವರಿದ್ದಾನಲ್ಲ, ಭಯ ಯಾಕೆ? ನಾನು ನಿಮ್ಮ ಮಗಳು!"

ಅಂದು ಚರ್ಚಿನಲ್ಲಿ ತಾನಾಡಿದ ಮಾತೇ ಈಗ ಅವಳ ಬಾಯಲ್ಲಿ. ಗದರಿದರೆ ಹಟ ಹೆಚ್ಚುತ್ತದೆ. ಸುಮ್ಮನಿದ್ದರೆ ಮಗಳು ಉಳಿಯುವ ನಂಬಿಕೆಯಿಲ್ಲ. ಅವರು ಕೈಗವಸು ಕಳಚಿ ಎರಡೂ ಕೈಗಳನ್ನು ಅವಳ ಮುಂದೆ ಹಿಡಿಯುತ್ತಾರೆ. ಬೆರಳುಗಳು ಗಡಗಡ ನಡುಗುತ್ತಿವೆ. ಅಪ್ಪನ ಈ ನಡುಕವನ್ನು ಮಗಳು ಇದುವರೆಗೆ ಕಂಡಿಲ್ಲ.

"ದಿನಾ ಹಿಂಗೇನಾ ಅಪ್ಪ?"

"ದಿನಾ. ಈ ಕೈ ಹಾಕಿದ ಗಂಟು ಕಣಮ್ಮ. ಮೊದಲು ನನ್ನದು ನೀನು ನೋಡು."

ಅವಳ ನಗು ಇಳಿಯುತ್ತದೆ. ಅಪ್ಪನ ಎರಡೂ ಗಂಟುಗಳನ್ನು ಜಗ್ಗಿ ನೋಡುತ್ತಾಳೆ. ಆಮೇಲೆ ಸೊಂಟ ತಿರುಗಿಸಿ, "ನಂದೂ ನೋಡಿ" ಎನ್ನುತ್ತಾಳೆ. ಮೊದಲ ಗಂಟು ಸರಿಯಿದೆ. ಎರಡನೆಯದನ್ನು ಗಾಜಣ್ಣ ಬಿಚ್ಚಿ, ಮತ್ತೆ ಬಿಗಿಯಾಗಿ ಕಟ್ಟುತ್ತಾರೆ.

ಬಿಸಿಲೇರುವ ಹೊತ್ತಿಗೆ ಇಬ್ಬರೂ ನೆಲ ಮುಟ್ಟಿದ್ದಾರೆ. ಮಗಳಿಗಾಗಿ ದೇವರಲ್ಲಿ ಏನು ಕೇಳುತ್ತೀರಿ ಎಂದರೆ ಗಾಜಣ್ಣ ಬೆವರೊರೆಸಿಕೊಳ್ಳುತ್ತಾರೆ. "ಅವಳಿಗೆ ನನ್ನ ಧೈರ್ಯ ಬರಲಿ ಅಂತ ಕೇಳಲ್ಲ. ನನ್ನ ಭಯ ಬಂದ್ರೆ ಸಾಕು." ಹೀಗೆಂದು ಪಾದಚಾರಿ ದಾರಿಯ ಮೇಲೆ ಮಂಡಿಯೂರಿ, ಎಂದಿನಂತೆ ಬೂಟಿನ ದಾರ ಹಿಡಿಯುತ್ತಾರೆ.

ಪಕ್ಕದಲ್ಲಿ ಮಗಳೂ ಮಂಡಿಯೂರಿ ಬೂಟಿಗೆ ಕೈಯಿಡುತ್ತಾಳೆ. ಅವಳ ಬೂಟಿಗೆ ದಾರವೇ ಇಲ್ಲ.