ಲೋಳೆ ತೊಳೆದವನು

ಪ್ರಯೋಗಾಲಯದಲ್ಲಿ ಸೀಸೆ ತೊಳೆಯುವ ತಾತ್ಕಾಲಿಕ ನೌಕರನಿಗೆ ಎಲ್ಲರೂ ಇಟ್ಟ ಹೆಸರು ನಿದ್ದೆರಾಯ. ಹೆಸರಿಗೆ ಚ್ಯುತಿ ಬರದಂತೆ ಅವನೂ ನಡೆದುಕೊಳ್ಳುತ್ತಿದ್ದ.

“ಕೆಸರಿಗೆ ಊಟ ಹಾಕಿ ಸಂಬಳ ತಗೊಳ್ಳೋನು ನೀನೊಬ್ಬನೇ ಕಣೋ,” ಎಂದು ಮನೆಯಲ್ಲಿ ಅಕ್ಕ ಚುಡಾಯಿಸಿದರೆ, “ಕೆಸರು ಊಟಕ್ಕೆ ಹೆಸರಿಡಲ್ಲ ಅಕ್ಕ, ಭಾವನ ಥರ ಅಲ್ಲ,” ಎನ್ನುತ್ತಿದ್ದ.

ಕಿಟಕಿಯ ಪಕ್ಕದ ಗಾಜಿನ ಜಾಡಿಯಲ್ಲಿ ಕೆರೆಯ ತಳದ ಕೆಸರಿತ್ತು; ಅದರ ಬ್ಯಾಕ್ಟೀರಿಯಾಗಳಿಗೆ ಊಟದ ದ್ರಾವಣ ಸುರಿಯುವುದೂ ಅವನದೇ ಕೆಲಸ. ಕೆಸರಿನಲ್ಲಿ ಹೂತ ಗ್ರಾಫೈಟ್ ಕಡ್ಡಿಯಿಂದ ಹೊರಟ ತಂತಿ ಕರೆಂಟ್ ಅಳೆಯುವ ಮೀಟರನ್ನು ಹಾದು ಮೇಲಿನ ನೀರಿನಲ್ಲಿದ್ದ ಇನ್ನೊಂದು ಕಡ್ಡಿಗೆ ಸೇರುತ್ತಿತ್ತು. ನಾವು ಉಂಡದ್ದರಿಂದ ಹೊರಬಿದ್ದ ಎಲೆಕ್ಟ್ರಾನುಗಳನ್ನು ಉಸಿರಿನ ಆಮ್ಲಜನಕಕ್ಕೆ ಒಪ್ಪಿಸಿ ನಿರಾಳವಾಗುತ್ತೇವೆ. ಗಾಳಿಯಿಲ್ಲದ ಕೆಸರಿನ ಬ್ಯಾಕ್ಟೀರಿಯಾಗಳು ಮಣ್ಣಿನೊಳಗಿನ ಕಬ್ಬಿಣದ ತುಕ್ಕಿಗೆ ಒಪ್ಪಿಸುತ್ತವೆ. ತುಕ್ಕು ಮೈಯೊಳಗೆ ಬರದು. ಎಲೆಕ್ಟ್ರಾನೇ ಹೊರಗೆ ಹೋಗಬೇಕು. ಕಬ್ಬಿಣ ಹೊತ್ತ ಪ್ರೋಟೀನುಗಳು ಸಾಲಾಗಿ ನಿಂತು ಅದನ್ನು ಕೈಯಿಂದ ಕೈಗೆ ದಾಟಿಸುತ್ತವೆ. ಈ ಜಾಡಿಯಲ್ಲಿ ತುಕ್ಕಿನ ಬದಲು ಕಡ್ಡಿ; ಎಲೆಕ್ಟ್ರಾನು ಅಲ್ಲಿಂದ ತಂತಿಯಲ್ಲಿ ಹರಿದರೆ ಮೀಟರಿನ ಮುಳ್ಳು ಏಳುತ್ತದೆ.

ಮಧ್ಯಾಹ್ನದ ಬಿಸಿಲಿಗೆ ರೆಪ್ಪೆ ಭಾರವಾದಾಗ ನಿದ್ದೆರಾಯನೂ ಆ ಸಾಲಿನಲ್ಲಿರುತ್ತಿದ್ದ. ಬೆಚ್ಚನೆಯ ಕತ್ತಲು. ಹಿಂದಿನಿಂದ ಯಾರೋ ತೂಕವಿಲ್ಲದ ಮಿಣುಕೊಂದನ್ನು ಅಂಗೈಗಿಡುತ್ತಾರೆ, ಅವನು ಮುಂದಿನವರಿಗೆ ಕೊಡುತ್ತಾನೆ. “ಹೊರಗೆ ಹೋಯ್ತಾ?” ಎಂದು ಯಾರೋ ಕೇಳುತ್ತಾರೆ. “ಹೋಯ್ತು,” ಎಂದು ಸಾಲಿಗೆ ಸಾಲೇ ನಿಟ್ಟುಸಿರು ಬಿಡುತ್ತದೆ.

ತಜ್ಞರು ಜಾಡಿ ನೋಡಲು ಬರುವ ದಿನ ಬಂತು. ಅವರು ಒಪ್ಪದಿದ್ದರೆ ಪ್ರಯೋಗ ನಿಲ್ಲುತ್ತದೆ, ಅವನ ಕೆಲಸವೂ ಹೋಗುತ್ತದೆ. ಎಂದೂ ಇಲ್ಲದ ಉತ್ಸಾಹದಿಂದ ಅವನು ಬೆಳಿಗ್ಗೆ ಬೇಗ ಬಂದು, ಕಡ್ಡಿಯನ್ನು ಮೇಲೆತ್ತಿ, ಮೆತ್ತಿದ್ದ ಲೋಳೆಯನ್ನೆಲ್ಲ ಬ್ರಶ್ಶಿನಿಂದ ಉಜ್ಜಿ, ಫಳಫಳ ಹೊಳೆಯಿಸಿ ಮತ್ತೆ ಹೂತಿಟ್ಟ. ಮೀಟರಿನ ಮುಳ್ಳು ಮಲಗಿಬಿಟ್ಟಿತು.

ಪ್ರಯೋಗ ನಡೆಸುತ್ತಿದ್ದ ಮೇಡಂ ಬಂದವರೇ ಜಾಡಿಯ ಮುಂದೆ ನಿಂತರು. “ಕಡ್ಡಿ ಮೇಲೆ ಲೋಳೆ ಇತ್ತಲ್ಲಪ್ಪಾ, ಎಲ್ಲಿ?”

“ತೊಳೆದೆ ಮೇಡಂ. ಏನೇನೋ ಅಂಟ್ಕೊಂಡಿತ್ತು.”

“ಅಂಟ್ಕೊಂಡಿದ್ದೇ ಆ ಬ್ಯಾಕ್ಟೀರಿಯಾ ಕಣಪ್ಪಾ.”

ಅಷ್ಟರಲ್ಲಿ ತಜ್ಞರು ಬಂದರು. ಅವರಲ್ಲಿ ಹಿರಿಯರು ಹಳೆಯ ಅಳತೆಗಳನ್ನು ನೋಡಿ, ಮೀಟರಿನತ್ತ ಬಾಗಿದರು. “ಇದು ಸತ್ತಿದೆಯಲ್ಲಮ್ಮ. ಮೊದಲು ಬರ್ತಿದ್ದ ಕರೆಂಟೂ ಬರೀ ಕೆಸರಿನ ರಾಸಾಯನಿಕ ಕ್ರಿಯೆ ಇರಬಹುದು. ಜೀವಿಗಳದ್ದೇ ಕೆಲಸ ಅಂತ ಹೇಗೆ ಹೇಳ್ತೀರಿ?”

“ಇವನನ್ನ ಕೇಳಿ,” ಎಂದರು ಮೇಡಂ.

ನಿದ್ದೆರಾಯ ಜಾಡಿಯತ್ತ ಬೆರಳು ತೋರಿಸಿದ. “ಬೆಳಿಗ್ಗೆ ಕಡ್ಡಿ ಉಜ್ಜಿಬಿಟ್ಟೆ ಸಾರ್. ಕೆಸರು ಅದೇ, ತಂತಿ ಅದೇ. ಲೋಳೆ ಒಂದೇ ಹೋಗಿದ್ದು, ಆಗ್ಲೇ ಮುಳ್ಳೂ ಮಲಗ್ತು.”

ಹಿರಿಯರು ಒಮ್ಮೆ ಮುಳ್ಳನ್ನೂ ಒಮ್ಮೆ ಅವನ ಮುಖವನ್ನೂ ನೋಡಿದರು. “ಲೋಳೆ ಮತ್ತೆ ಬೆಳೆದ್ರೆ ಮುಳ್ಳು ಏಳುತ್ತಾ?”

“ಗೊತ್ತಿಲ್ಲ ಸಾರ್.”

“ನಂಗೂ ಗೊತ್ತಿಲ್ಲ. ಗೊತ್ತಾಗೋ ತನಕ ಜಾಡಿ ಇರ್ಲಿ, ಇವನೂ ಇರ್ಲಿ. ಬ್ರಶ್ ಮಾತ್ರ ನಿಮ್ಮ ಹತ್ರ ಇಟ್ಕೊಳ್ಳಿ ಅಮ್ಮ.”

ಅವರು ಹೋದ ಮೇಲೆ ಅವನು ಜಾಡಿಗೆ ಊಟ ಸುರಿದ. ಮುಳ್ಳು ಅಲುಗಲಿಲ್ಲ. ಒಳಗೆ ಎಲ್ಲೋ ಒಂದು ಜೀವಿ ಬರಿಮೈ ಕಡ್ಡಿಯನ್ನು ತಡಕುತ್ತಿರಬಹುದು ಎನಿಸಿತು. ಸದ್ದಾಗದಂತೆ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡು ಮುಳ್ಳನ್ನೇ ನೋಡುತ್ತ ಕೂತ.